ಮೂವತ್ತು ಸಾವಿರದ ಮೂವತ್ತೊಂದು

ನಾನು ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಗೋಕಾಕದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನ್ನ ಬಗ್ಗೆ ಎರಡು ಮಾತು ಗಟ್ಟಿಯಾಗಿ ನಿಂತುಬಿಟ್ಟಿವೆ. ಒಂದು, ಈ ಮಾಸ್ತರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇನ್ನೊಂದು, ಈತ ಹಿಡಿದ ಮೊಲಕ್ಕೆ ಮೂರೇ ಕಾಲು. ಮೊದಲನೆಯದನ್ನು ಹಬ್ಬಿಸಿದ್ದು ಹುಡುಗರು, ಎರಡನೆಯದನ್ನು ನನ್ನ ಹೆಂಡತಿ. ಎರಡೂ ಖರೆ ಇವೆ.

ನಾನು ಬಹಳ ವರ್ಷ ಕಿವಿ ಹಿಡಿದು ಮೆರೆಸಿದ ಮೊಲ ಒಂದು ಸಂಖ್ಯೆ. 30031. ಅದು ಕಾಲೇಜಿನಲ್ಲಿದ್ದಾಗ ಸಿಕ್ಕಿದ್ದು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇವು ಒಂದನ್ನೂ ತಮ್ಮನ್ನೂ ಬಿಟ್ಟು ಬೇರೆ ಯಾವುದಕ್ಕೂ ಒಡೆಯದ ಸಂಖ್ಯೆಗಳು. ಪುಸ್ತಕದಲ್ಲಿ ಅವಿಭಾಜ್ಯ ಎನ್ನುತ್ತಾರೆ. ಈ ಆರನ್ನೂ ಒಂದಕ್ಕೊಂದು ಗುಣಿಸಿದರೆ 30030 ಬರುತ್ತದೆ. ಅದಕ್ಕೆ ಒಂದು ಕೂಡಿಸಿ. ಈಗ ಎರಡರಿಂದ ಭಾಗಿಸಿದರೂ ಒಂದು ಉಳಿಯುತ್ತದೆ, ಮೂರರಿಂದ ಭಾಗಿಸಿದರೂ ಒಂದು, ಹದಿಮೂರರಿಂದ ಭಾಗಿಸಿದರೂ ಒಂದೇ. ಆ ಆರರಲ್ಲಿ ಯಾವುದೂ ಇದನ್ನು ಒಡೆಯಲಾರದು. ಆದರೆ ಯಾವ ಸಂಖ್ಯೆಯನ್ನಾದರೂ ಒಡೆಯುವ ಅವಿಭಾಜ್ಯ ಒಂದು, ಬೇರೆ ಇಲ್ಲದಿದ್ದರೆ ಆ ಸಂಖ್ಯೆಯೇ, ಇದ್ದೇ ಇರುತ್ತದೆ. ಅಂದಮೇಲೆ ಆ ಆರರ ಪಟ್ಟಿಯ ಹೊರಗೆ ಬೇರೊಂದು ಅವಿಭಾಜ್ಯ ಇರಲೇಬೇಕು. ಆರರ ಬದಲು ಅರವತ್ತು ತೆಗೆದುಕೊಂಡರೂ ಇದೇ ಕತೆ. ಹೊರಗೆ ಒಂದು ಇದ್ದೇ ಇರುತ್ತದೆ, ಪಟ್ಟಿ ಎಂದೂ ಮುಗಿಯುವುದಿಲ್ಲ. ಇದನ್ನು ಮೊದಲ ಸಲ ಕೇಳಿದ ದಿನ ನಾನು ಊಟ ಮರೆತಿದ್ದೆ. ಅಷ್ಟು ಸಂತೋಷವಾಗಿತ್ತು.

ಆ ಸಂತೋಷಕ್ಕೆ ನನ್ನದೂ ಒಂದು ಮಾತು ಸೇರಿಸಿಕೊಂಡೆ. ಹೀಗೆ ಗುಣಿಸಿ ಒಂದು ಕೂಡಿಸಿದಾಗ ಬರುವ ಸಂಖ್ಯೆ ತಾನೇ ಅವಿಭಾಜ್ಯ ಎಂದು. ಎರಡು ಮೂರಲೆ ಆರು, ಒಂದು ಕೂಡಿಸಿದರೆ ಏಳು, ಸರಿ. ಮುಂದಿನದು 31, ಸರಿ. ಆಮೇಲೆ 211, ಅದೂ ಸರಿ. 2311ನ್ನು ನಲವತ್ತೇಳರ ತನಕ ಭಾಗಿಸಿ ನೋಡಿದೆ, ಒಡೆಯಲಿಲ್ಲ. 30031ನ್ನು ಪೂರ್ತಿ ಪರೀಕ್ಷಿಸಬೇಕೆಂದರೆ ತನ್ನನ್ನು ತನ್ನಿಂದಲೇ ಗುಣಿಸಿದರೆ ಅದನ್ನು ದಾಟುವ ಅವಿಭಾಜ್ಯ ಬರುವವರೆಗೆ, ಅಂದರೆ ನೂರ ಎಪ್ಪತ್ತಮೂರರ ತನಕ ಹೋಗಬೇಕಿತ್ತು. ಬೇಸಿಗೆಯ ದಿನ, ಹತ್ತೊಂಬತ್ತಕ್ಕೇ ಸಾಕಾಯಿತು. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ಲ ಎಂದುಕೊಂಡು ಲೆಕ್ಕದ ವಹಿ ಮುಚ್ಚಿದೆ. ಮುಂದೆ ಮಾಸ್ತರನಾದ ಮೇಲೆ ಪ್ರತಿವರ್ಷ ಹತ್ತನೇ ತರಗತಿಗೆ, ಇದು ಯಾವುದಕ್ಕೂ ಒಡೆಯದ ಸಂಖ್ಯೆ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತ ಬಂದೆ. ಯಾರೂ ಭಾಗಿಸಿ ನೋಡಲಿಲ್ಲ. ನನ್ನ ಕ್ಲಾಸಿನಲ್ಲಿ ನನ್ನ ಮಾತನ್ನು ಭಾಗಿಸಿ ನೋಡುವ ಧೈರ್ಯ ಯಾರಿಗಿತ್ತು?

ನಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆ ಹತ್ತನೇ ತರಗತಿಯ ಕಿಟಕಿಗೆ ಹತ್ತಿಕೊಂಡೇ ಇದೆ. ಅಲ್ಲಿಯ ಮುಖ್ಯ ಅಡುಗೆಯಾಕೆಗೆ ಮೂವತ್ತಮೂರು ಮೂವತ್ತನಾಲ್ಕು ವಯಸ್ಸು. ಹುಕ್ಕೇರಿ ಕಡೆಯ ಹಳ್ಳಿಯಾಕೆ, ಮೂಡಲಗಿ ಬದಿಗೆ ಕೊಟ್ಟಿದ್ದರು. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಬಿಸಿಯೂಟದ ದಫ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರತಿ ಜೂನ್‌ನಲ್ಲಿ ಹೊಸ ದಫ್ತರ, ಅದರ ಮೊದಲ ಪುಟದಲ್ಲಿ ಅಡುಗೆಯವರ ಹೆಸರು, ವಯಸ್ಸು, ವಿದ್ಯಾಭ್ಯಾಸ. ನಾನು ಗಟ್ಟಿ ದನಿಯಲ್ಲಿ ಕೇಳುತ್ತಿದ್ದೆ, ಆಕೆ ಮೆಲ್ಲಗೆ ಹೇಳುತ್ತಿದ್ದಳು, ನಾನು "ಹತ್ತನೇ ಫೇಲ್" ಎಂದು ಬರೆಯುತ್ತಿದ್ದೆ. ಹೀಗೆ ಐದು ಜೂನ್. ಬರೆಯುವಾಗ ನನಗೆ ಏನೂ ಅನಿಸುತ್ತಿರಲಿಲ್ಲ.

ಒಂದು ಮುಂಜಾನೆ ನಾನು ಪಾಠ ಮಾಡುತ್ತಿರುವಾಗ ಆಕೆ ಹೊರಗೆ ಅಕ್ಕಿ ಅಳೆಯುತ್ತಿದ್ದಳು. ಡಬ್ಬಿ ತುಂಬಿ ಬುಟ್ಟಿಗೆ ಸುರಿಯುತ್ತ ಲಾಭ, ಎರಡು, ಮೂರು ಎಂದು ಎಣಿಕೆ. ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ನನ್ನೂರು ಕುಲಗೋಡ, ಜೋಳದ ರಾಶಿಯ ಮುಂದೆ ಕೂತು ಅಪ್ಪನೂ ಹಾಗೇ ಎಣಿಸುತ್ತಿದ್ದ. ಅದೆಲ್ಲ ಗೊತ್ತಿದ್ದೂ ಆ ದಿನ ನನ್ನ ತಲೆ ಕೆಟ್ಟಿತ್ತು. ಕಿಟಕಿಯಲ್ಲಿ ಮುಖ ಹಾಕಿ, ಸಾಲಿ ಅಂಗಳದಾಗಾದರೂ ಒಂದರಿಂದ ಎಣಸವಾ ಎಂದು ಗದರಿದೆ. ಆಕೆ ಡಬ್ಬಿ ಕೆಳಗಿಡದೆ ಉತ್ತರ ಕೊಟ್ಟಳು.

"ಒಂದು ಅಂದ್ರ ಒಂದ ಆಗಿ ಕುಂದರತೈತ್ರಿ ಸರ್. ಲಾಭ ಅಂದ್ರ ಹಿಂದಿಂದ ಮತ್ತೊಂದು ಬರತೈತ್ರಿ."

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ, ಆದರೆ ಸಿಟ್ಟೂ ಬರಲಿಲ್ಲ. ಬೋರ್ಡಿಗೆ ತಿರುಗಿ 30030 ಬರೆದು, ಇದಕ್ಕ ಈಗ ಒಂದು ಲಾಭ ಹಾಕ್ರಿ ಎಂದೆ. ಇಪ್ಪತ್ತು ವರ್ಷಗಳಲ್ಲಿ ಆ ಪಾಠ ಅಷ್ಟು ಚೆನ್ನಾಗಿ ಹತ್ತಿದ್ದು ಅದೇ ಮೊದಲು. ಮುಂದೆ ಪ್ರತಿ ವರ್ಷ ಲಾಭ ಎಂದೇ ಹೇಳಿದೆ. ಮಾತು ಯಾರದೆಂದು ಮಾತ್ರ ಹೇಳಲಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಗಣಿತ ಕಲಿಸುತ್ತೀರಾ ಎಂದು ಕೇಳಿದಳು. ಹದಿನೇಳು ವರ್ಷದ ಹಿಂದೆ ಉಳಿದ ಐದೂ ವಿಷಯ ಪಾಸಾಗಿ ಗಣಿತದಲ್ಲಿ ಬಿದ್ದಿದ್ದಳು. ಆಮೇಲೆ ಎರಡು ಸಲ ಕಟ್ಟಿದ್ದಳು, ಎರಡು ಸಲವೂ ಬಿದ್ದಳು. ಈಗ ಪಾಸಾದರೆ ಮುಂದೆ ಪಿಯುಸಿ ಕಟ್ಟಬೇಕು, ಅಂಗನವಾಡಿಗೆ ಅರ್ಜಿ ಹಾಕಬೇಕು ಎಂಬ ಆಸೆ. ಅದಕ್ಕಿಂತ ದೊಡ್ಡ ಆಸೆಯನ್ನು ಕೊನೆಗೆ ಹೇಳಿದಳು.

"ಯಾವ ಕಾಗದ ತುಂಬಿದ್ರೂ ಶಿಕ್ಷಣ ಎಷ್ಟು ಅಂತ ಕೇಳತಾರ್ರಿ. ಫೇಲ್ ಅಂತ ಬರೀತೇನ್ರಿ. ಅದೊಂದು ಶಬ್ದ ಅಳಸಬೇಕಾಗೇತ್ರಿ."

ಆ ಶಬ್ದವನ್ನು ನನ್ನ ಕೈಯಾರೆ ಐದು ಸಲ ಬರೆದಿದ್ದು ನೆನಪಾಗಿ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಮೂರೂವರೆಗೆ, ಪಡಸಾಲೆಯಲ್ಲಿ ಕೂಡು ಎಂದೆ.

ಬಾಯಿಲೆಕ್ಕದಲ್ಲಿ ಆಕೆ ಬಹಳ ಚುರುಕು. ಇನ್ನೂರು ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬುದನ್ನು ನಿಂತ ನಿಲುವಿನಲ್ಲಿ ಹೇಳುತ್ತಿದ್ದಳು. ಪೆನ್ನು ಹಿಡಿದರೆ ಅದೇ ಲೆಕ್ಕ ತಪ್ಪುತ್ತಿತ್ತು. ಅದರಲ್ಲೂ ದೊಡ್ಡ ಭಾಗಾಕಾರ ಎಂದರೆ ಜ್ವರ. ಭಾಗಲಬ್ಧದ ನಡುವೆ ಬರುವ ಸೊನ್ನೆಯನ್ನು ಯಾವಾಗಲೂ ನುಂಗಿಬಿಡುತ್ತಿದ್ದಳು. 305 ಬರಬೇಕಾದಲ್ಲಿ 35 ಬರೆಯುತ್ತಿದ್ದಳು. ಇದಕ್ಕೊಂದು ಮದ್ದು ಮಾಡೋಣ ಎಂದು ನನ್ನ ಮೊಲವನ್ನು ಹೊರತೆಗೆದೆ. ಹೊಸ ವಹಿಯ ಮೊದಲ ಪುಟದಲ್ಲಿ 30031 ಎಂದು ಬರೆದು, ದಿನಕ್ಕೊಂದು ಅವಿಭಾಜ್ಯದಿಂದ ಇದನ್ನು ಭಾಗಿಸು ಎಂದೆ. ಹದಿನೇಳರಿಂದ ಸುರು, ನೂರ ಎಪ್ಪತ್ತಮೂರರ ತನಕ. ಇದು ಯಾವುದಕ್ಕೂ ಒಡೆಯುವುದಿಲ್ಲ, ಪ್ರತಿ ಸಲವೂ ಏನಾದರೂ ಉಳಿಯಲೇಬೇಕು, ಹಾಗಾಗಿ ನಿನ್ನ ತಪ್ಪು ನೀನೇ ಹಿಡಿಯಬಹುದು ಎಂದು ತಿಳಿಸಿ ಹೇಳಿದೆ. ಸಾಲದ್ದಕ್ಕೆ ಕೆಂಪು ಪೆನ್ನಿನಲ್ಲಿ ಬರೆದೆ: ಶೇಷ ಸೊನ್ನೆ ಬಂದರೆ ತಪ್ಪು. ಮತ್ತೆ ಮಾಡು.

ಈ ಮಾತು ಆಕೆಗೆ ಕೂಡಲೇ ಹಿಡಿಸಿತು. ನಮ್ಮ ಕಡೆ ಕಾಳಿನ ಡಬ್ಬಿಯನ್ನು ಬರಿದು ಮಾಡುವುದಿಲ್ಲ. ಅಳೆದು ಮುಗಿದ ಮೇಲೂ ತಳದಲ್ಲಿ ಒಂದು ಹಿಡಿ ಉಳಿಸುತ್ತೇವೆ, ಹುಲುಸು ಇರಲಿ ಎಂದು. ಆಕೆಯ ಅಡುಗೆಮನೆಯಲ್ಲಿ ಹೊಸ ಚೀಲ ಬಿಚ್ಚುವ ತನಕ ಹಳೆಯದರಲ್ಲಿ ಒಂದು ಹಿಡಿ ಅಕ್ಕಿ ಇದ್ದೇ ಇರುತ್ತಿತ್ತು. ಬರಿದಾದರೆ ಮನೆಗೆ ಒಳ್ಳೆಯದಲ್ಲ, ಲೆಕ್ಕಕ್ಕೂ ಒಳ್ಳೆಯದಲ್ಲ ಅಂದಂಗಾತ್ರಿ ಎಂದು ತಾನೇ ವ್ಯಾಖ್ಯಾನ ಮಾಡಿಕೊಂಡು ನಕ್ಕಳು. ನಾನೂ ಹೂಂಗುಟ್ಟಿದೆ.

ಹದಿನೇಳಕ್ಕೆ ಒಂಬತ್ತು ಉಳಿಯಿತು. ಹತ್ತೊಂಬತ್ತಕ್ಕೆ ಹನ್ನೊಂದು. ಇಪ್ಪತ್ಮೂರಕ್ಕೆ ಹದಿನಾರು, ಭಾಗಲಬ್ಧ 1305. ನಡುವಿನ ಸೊನ್ನೆ ಜಾಗದಲ್ಲೇ ಇತ್ತು. ಇಪ್ಪತ್ತೊಂಬತ್ತರ ದಿನ ಆಕೆ ಅಳುಮೋರೆ ಮಾಡಿಕೊಂಡು ಬಂದಳು. ಅಲ್ಲೂ ಶೇಷ ಹದಿನಾರೇ, ಭಾಗಲಬ್ಧ 1035. ನಿನ್ನೆಯದನ್ನೇ ನೋಡಿ ಬರೆದೆ ಎಂದು ಬೈತೀರಿ, ಆದರೆ ನಾನು ನೋಡಿ ಬರೆದಿಲ್ಲ ಎಂದಳು. ನಾನು ತಾಳೆ ನೋಡಿದೆ. ಎರಡೂ ಸರಿ ಇದ್ದವು. ಮನೆಗೆ ಹೋಗಿ ಕೂತು ಬಿಡಿಸಿದರೆ, ಇಪ್ಪತ್ಮೂರನ್ನು ಇಪ್ಪತ್ತೊಂಬತ್ತರಿಂದ ಗುಣಿಸಿ ಅದನ್ನು ಮತ್ತೆ ನಲವತ್ತೈದರಿಂದ ಗುಣಿಸಿದರೆ 30015. ಅದಕ್ಕೇ ಎರಡಕ್ಕೂ ಹದಿನಾರೇ ಉಳಿಯುತ್ತದೆ. ಮರುದಿನ ಇದನ್ನು ಹೇಳಿದಾಗ ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಸಂಖ್ಯೆಗಳಲ್ಲೂ ಬೀಗರಿರುತ್ತಾರೆ ಎಂದು ತನಗೆ ಗೊತ್ತಿರಲಿಲ್ಲವಂತೆ. ಆ ನಗು ಕಂಡು ಈಕೆ ಪಾಸಾಗುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಐವತ್ಮೂರರ ತನಕ ಹತ್ತೂ ಭಾಗಾಕಾರ ಬರೋಬರಿ ಬಂದವು. ಆಮೇಲೆ ಆಕೆ ಬರುವುದೇ ನಿಂತಿತು.

ಅಡುಗೆ ಮಾಡಿದಳು, ಬಡಿಸಿದಳು, ಪಾತ್ರೆ ತೊಳೆದಳು. ಮೂರೂವರೆಗೆ ಪಡಸಾಲೆ ಖಾಲಿ. ನನ್ನನ್ನು ಕಂಡರೆ ಬೇರೆ ಕಡೆ ಮುಖ ಮಾಡುತ್ತಿದ್ದಳು. ಒಂದು ವಾರ ಹೀಗೆ ಕಳೆದ ಮೇಲೆ, ತಾಯಿಯ ಕಣ್ಣಿನ ಪೊರೆ ತೆಗೆಸಿದ್ದಾರೆಂದು ರಜೆ ಹಾಕಿ ಹುಕ್ಕೇರಿ ಕಡೆಯ ತವರಿಗೆ ಹೋದಳು. ಹೋಗುವಾಗ ವಹಿಯನ್ನು ಇನ್ನೊಬ್ಬ ಅಡುಗೆಯಾಕೆಯ ಕೈಯಲ್ಲಿ ನನಗೆ ಕಳಿಸಿದ್ದಳು. ಸರ್‌ಗ ಕೊಡು, ಈ ವಿದ್ಯಾ ನನಗ ಒಲಿಯೂದಿಲ್ಲ, ಪರೀಕ್ಷೆಗೆ ಕೂಡೂದಿಲ್ಲ ಅಂತ ಹೇಳು ಎಂದಿದ್ದಳಂತೆ. ನನಗೆ ಕೆಟ್ಟ ಸಿಟ್ಟು ಬಂತು. ಖಾಸಗಿ ಅಭ್ಯರ್ಥಿಯಾಗಿ ಫಾರ್ಮ್ ತುಂಬಲು ಎರಡೇ ದಿನ ಉಳಿದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದೆ. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಮರುದಿನ ಸಂಜೆ ಮೂಡಲಗಿಯಿಂದ ಗೋಕಾಕಕ್ಕೆ ಬರುವಾಗ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಇದು ದಿನದ ಹಾಡು. ಬೇಸರಕ್ಕೆ ಚೀಲದಿಂದ ವಹಿ ತೆಗೆದೆ. ಐವತ್ತೊಂಬತ್ತರ ಪುಟ ತೆರೆದುಕೊಂಡಿತು. ಅಲ್ಲಿ ಒಂದೇ ಭಾಗಾಕಾರವನ್ನು ಆಕೆ ಒಂಬತ್ತು ಸಲ ಮಾಡಿದ್ದಳು. ಮೊದಲ ಸಲ ಭಾಗಲಬ್ಧ 59 ಎಂದು ಬರೆದು, ತಿರುಗಿ ಗುಣಿಸಿ ನೋಡಿ, ತಪ್ಪೆಂದು ಕಂಡು, ನಡುವೆ ಸೊನ್ನೆ ಸೇರಿಸಿ 509 ಮಾಡಿದ್ದಳು. ಕೆಳಗೆ ಶೇಷ ಸೊನ್ನೆ. ಅದನ್ನು ಹೊಡೆದುಹಾಕಿ ಮತ್ತೆ ಮೊದಲಿಂದ. ಮತ್ತೆ 509, ಮತ್ತೆ ಸೊನ್ನೆ. ಕೊನೆ ಕೊನೆಗೆ ಪೆನ್ಸಿಲ್ ಹಿಡಿದು, ಅಳಿಸಿ ಅಳಿಸಿ, ಒಂಬತ್ತನೆಯ ಸೊನ್ನೆಯ ಜಾಗದಲ್ಲಿ ಕಾಗದ ತೆಳ್ಳಗಾಗಿ ಆಚೆ ಪುಟದ ಗೆರೆ ಕಾಣುತ್ತಿತ್ತು.

ಎಲ್ಲಿ ತಪ್ಪಿದ್ದಾಳೆ ಎಂದು ಹುಡುಕಿದೆ. ಐವತ್ತೊಂಬತ್ತೈದಲೆ ಇನ್ನೂರ ತೊಂಬತ್ತೈದು, ಮುನ್ನೂರರಲ್ಲಿ ಕಳೆದರೆ ಐದು. ಮೂರನ್ನು ಇಳಿಸಿದರೆ ಐವತ್ಮೂರು, ಹೋಗುವುದಿಲ್ಲ, ಸೊನ್ನೆ. ಒಂದನ್ನು ಇಳಿಸಿದರೆ ಐನೂರ ಮೂವತ್ತೊಂದು. ಐವತ್ತೊಂಬತ್ತೊಂಬತ್ತಲೆ ಐನೂರ ಮೂವತ್ತೊಂದು. ಉಳಿದದ್ದು ಏನೂ ಇಲ್ಲ. ಬಸ್ಸಿನ ಕುಲುಕಾಟಕ್ಕೆ ತಪ್ಪಿರಬೇಕೆಂದು ಅಂಚಿನಲ್ಲಿ ನಾನೇ ಬರೆದು ಮಾಡಿದೆ. ಸೊನ್ನೆ. ಇನ್ನೊಮ್ಮೆ ಮಾಡಿದೆ. ಸೊನ್ನೆಯೇ. ಯಾವುದಕ್ಕೂ ಒಡೆಯುವುದಿಲ್ಲ ಎಂದು ಇಪ್ಪತ್ತಾರು ವರ್ಷ ಸಾರಿದ ಸಂಖ್ಯೆ ನನ್ನ ತೊಡೆಯ ಮೇಲೆ ಎರಡಾಗಿ ಬಿದ್ದಿತ್ತು.

ನನಗೆ ನಾಚಿಕೆಯಾಯಿತು. ಸಂಖ್ಯೆ ಒಡೆದದ್ದಕ್ಕಿಂತ ಹೆಚ್ಚು, ಆಕೆ ಒಂಬತ್ತು ಸಲ ಸರಿಯಾದ ಉತ್ತರ ಬರೆದು ಒಂಬತ್ತು ಸಲ ಅದನ್ನು ಹೊಡೆದುಹಾಕಿದ್ದಕ್ಕೆ. ಯಾವ ಸೊನ್ನೆ ನುಂಗುತ್ತಾಳೆ ಎಂದು ನಾನು ಬೈಯುತ್ತಿದ್ದೆನೋ ಆ ಸೊನ್ನೆ 509ರ ನಡುವೆ ಒಂಬತ್ತೂ ಸಲ ತನ್ನ ಜಾಗದಲ್ಲಿತ್ತು. ಕಲಿಯಬೇಕಾದದ್ದನ್ನು ಆಕೆ ಕಲಿತು ಮುಗಿಸಿದ್ದಳು. ಕೆಂಪು ಅಕ್ಷರದಲ್ಲಿ ಬರೆದ ನನ್ನ ಸುಳ್ಳು ಆಕೆಯನ್ನು ಮನೆಗೆ ಕಳಿಸಿತ್ತು.

ಮನೆ ಮುಟ್ಟಿದವನೇ ಫೋನ್ ಮಾಡಿದೆ. ನಿನ್ನ ಲೆಕ್ಕ ಸರಿ ಇದೆ, ನಾಳೆ ಕೊನೆಯ ದಿನ, ಬಂದು ಫಾರ್ಮಿಗೆ ಸಹಿ ಮಾಡು ಎಂದೆ. ಆಕೆ ನಂಬಲಿಲ್ಲ. ಸಮಾಧಾನಕ್ಕ ಹೇಳಾಕತ್ತೀರಿ ಸರ್, ಇರಲಿ ಬಿಡ್ರಿ, ನೀವು ಬರೆದದ್ದು ಸುಳ್ಳಾಗತೈತೇನ್ರಿ ಎಂದು ಮೆಲ್ಲಗೆ ಫೋನ್ ಇಟ್ಟಳು. ನನ್ನ ಮಾತಿಗೆ ಅಷ್ಟು ಭಾರ ಇರುವುದು ಮೊದಲ ಸಲ ನನಗೇ ಬೇಡವಾಯಿತು. ನಾಳೆ ರಜೆ ಹಾಕಿ ಹುಕ್ಕೇರಿಗೆ ಹೋಗುತ್ತೇನೆ, ತಪ್ಪು ನನ್ನದು ಎಂದು ಹೇಳಬೇಕು ಎಂದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮಾತು ತನ್ನ ಕಿವಿಗೆ ಬಿದ್ದಿಲ್ಲ, ಹುಕ್ಕೇರಿಯವರು ಪುಣ್ಯವಂತರು ಎಂದಳು. ಆದರೂ ಬೆಳಿಗ್ಗೆ ಆರಕ್ಕೇ ಎಬ್ಬಿಸಿ, ಬರಿಗೈಯಲ್ಲಿ ಹೋಗಬೇಡಿ ಎಂದು ಒಂದು ಡಜನ್ ಬಾಳೆಹಣ್ಣು ಕಟ್ಟಿಕೊಟ್ಟಳು.

ಹುಕ್ಕೇರಿಯಲ್ಲಿ ಇಳಿದು ಆಟೋ ಹಿಡಿದು ಹಳ್ಳಿ ಮುಟ್ಟಿದಾಗ ಒಂಬತ್ತು ದಾಟಿತ್ತು. ಆಕೆ ನನ್ನನ್ನು ಕಂಡು ಗಾಬರಿಯಾಗಿ ಎದ್ದು, ಹೊರಸಿನ ಮೇಲೆ ಚಾದರ ಹಾಸಿದಳು. ತಾಯಿ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಎಪ್ಪತ್ತರ ಮುದುಕಿ, ಸಾಲಿ ಮುಖ ಕಂಡವಳಲ್ಲ. ಕಣ್ಣು ಚೆನ್ನಾಗಿದ್ದಾಗ ಹೊಲಗಳಲ್ಲಿ ಕಣಿಕಿಯ ಸಿವುಡು, ಅಂದರೆ ಜೋಳದ ಮೇವಿನ ಕಟ್ಟು, ಎಣಿಸಿ ಗಾಡಿ ತುಂಬಿಸುವ ಕೆಲಸ ಮಾಡಿದವಳು. ಚಹಾ ಬಂತು. ನಾನು ವಹಿ ತೆಗೆದೆ. ಮಗಳು ಆ ಪುಟ ನೋಡಲೇ ಇಲ್ಲ. ಐವತ್ತೊಂಬತ್ತರ ದಿನ ಡಬ್ಬಿಯ ತಳ ಕಂಡಹಾಗಾಯಿತು, ಒಂಬತ್ತು ಸಲವೂ ತಳವೇ ಕಂಡಿತು, ತಲೆಯೇ ಇಲ್ಲದವಳಿಗೆ ಯಾಕೆ ಬೇಕು ಈ ಉಸಾಬರಿ ಎಂದಳು.

ನನ್ನ ಮಾತನ್ನು ಆಕೆ ನಂಬುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ನಾನು ತಾಯಿಯ ಕಡೆ ತಿರುಗಿದೆ. ಅಜ್ಜಿ, ಐವತ್ತೊಂಬತ್ತು ಗಾಡಿ, ಒಂದೊಂದು ಗಾಡಿಯಲ್ಲಿ ಐನೂರ ಒಂಬತ್ತು ಸಿವುಡು, ಒಟ್ಟು ಎಷ್ಟು ಎಂದು ಕೇಳಿದೆ. ಮುದುಕಿ ಬೆರಳಿನ ಗೆಣ್ಣು ಸಹ ಮುಟ್ಟಲಿಲ್ಲ.

"ಅರವತ್ತು ಗಾಡಿ ಅಂತ ಹಿಡೀರಿ. ಐನೂರರಂಗ ಮೂವತ್ತು ಸಾವಿರ. ಮ್ಯಾಲಿನ ಒಂಬತ್ತರದು ಐನೂರ ನಲವತ್ತು. ಅದರಾಗ ಇಲ್ಲದ ಗಾಡೀದು ಐನೂರ ಒಂಬತ್ತು ತಗೀರಿ, ಮೂವತ್ತೊಂದು ಉಳೀತು. ಮೂವತ್ತು ಸಾವಿರದ ಮೂವತ್ತೊಂದು." ಅಷ್ಟು ಹೇಳಿ ನನ್ನ ದನಿ ಬಂದ ದಿಕ್ಕಿಗೆ ಮುಖ ಮಾಡಿ, "ಇಷ್ಟು ಕೇಳಾಕ ಗೋಕಾಕದಿಂದ ಬಂದ್ರೇನ್ರಿ ಮಾಸ್ತರ?" ಎಂದಳು.

ಮಗಳು ವಹಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಐವತ್ತೊಂಬತ್ತರ ಪುಟವನ್ನು ಮೇಲಿಂದ ಕೆಳಗೆ ನೋಡಿದಳು, ಬೆರಳಿಟ್ಟು ಒಂದೊಂದೇ ಸಾಲು. ನಾನು ಕೆಂಪು ಪೆನ್ನು ತೆಗೆದು ಮೊದಲ ಪುಟದ ನನ್ನ ವಾಕ್ಯಕ್ಕೆ ಗೆರೆ ಎಳೆದೆ.

"ತಪ್ಪು ನಿಂದಲ್ಲವಾ, ನಂದು. ನಾ ಪೂರಾ ನೋಡದ ಹೇಳಿದ್ನಿ. ಇಪ್ಪತ್ತಾರು ವರ್ಷ ತಪ್ಪ ಹೇಳೇನಿ."

"ಹಂಗಾದ್ರ ಒಂಬತ್ತೂ ಸಲ ಬರೋಬರಿ ಇತ್ತೇನ್ರಿ ಸರ್?"

"ಒಂಬತ್ತೂ ಸಲ."

ಆಕೆ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಬಾಳೆಹಣ್ಣಿನ ಚೀಲ ಬಿಚ್ಚುವ ನೆವ ಮಾಡಿ ಆಕಡೆ ತಿರುಗಿದೆ. ಮುದುಕಿಗೆ ಏನಾಯಿತೆಂದು ತಿಳಿಯದೆ, ಲೆಕ್ಕ ತಪ್ಪಿತೇನ ಎಂದು ಎರಡು ಸಲ ಕೇಳಿದಳು. ತಪ್ಪಿಲ್ಲವ್ವಾ, ಯಾರದೂ ತಪ್ಪಿಲ್ಲ, ಮಾಸ್ತರದ ಒಬ್ಬರದ ಬಿಟ್ಟು ಎಂದು ಮಗಳು ಅಳುತ್ತಲೇ ಉತ್ತರ ಕೊಟ್ಟಳು. ಆ ಮಾತಿಗೆ ಎಲ್ಲರಿಗಿಂತ ಮೊದಲು ನಾನೇ ನಕ್ಕೆ.

ತಾಯಿಯ ಕಣ್ಣಿಗೆ ಔಷಧಿ ಹಾಕುವ ಕೆಲಸವನ್ನು ಅತ್ತಿಗೆಗೆ ಒಪ್ಪಿಸಿ ಆಕೆ ನನ್ನ ಜೊತೆಯೇ ಹೊರಟಳು. ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ. ಬಸ್ಸಿನಲ್ಲಿ ನಾನು ಒಂದು ಚಿಂತೆಯಲ್ಲಿದ್ದೆ. 30031 ಒಡೆದ ಮೇಲೆ ನನ್ನ ಪ್ರೀತಿಯ ಪಾಠ ಏನಾಯಿತು? ಪಟ್ಟಿ ಮುಗಿಯುವುದಿಲ್ಲ ಎಂಬುದೂ ಸುಳ್ಳಾಯಿತೇ? ಘಟಪ್ರಭೆಯ ಸೇತುವೆ ದಾಟುವಾಗ ಹೊಳೆಯಿತು. ಆ ಪಾಠಕ್ಕೆ ಸಂಖ್ಯೆ ತಾನೇ ಒಡೆಯದೆ ಇರಬೇಕೆಂಬ ಹಟವೇ ಇರಲಿಲ್ಲ. ಅದು ಹೇಳಿದ್ದು ಇಷ್ಟೇ: ಆ ಆರರ ಹೊರಗಿನ ಅವಿಭಾಜ್ಯ ಒಂದು ಇದೆ. ಐವತ್ತೊಂಬತ್ತು ಆ ಆರರಲ್ಲಿ ಇಲ್ಲ. ಐನೂರ ಒಂಬತ್ತೂ ಇಲ್ಲ. ಹಟ ನನ್ನದು, ನಾನು ಸೇರಿಸಿಕೊಂಡದ್ದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಪಾಠದ ತಿರುಳನ್ನು ಕೈಯಲ್ಲಿಟ್ಟುಕೊಂಡೇ ಇಷ್ಟು ವರ್ಷ ತಿರುಗಿದ್ದೆ. ಇದನ್ನೆಲ್ಲ ಆಕೆಗೆ ವಿವರಿಸಿದೆ. ಆಕೆ ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತ ಕೇಳಿಸಿಕೊಂಡಳು.

"ಅಂದ್ರ ಲಾಭ ಹಾಕಿದ್ದಕ್ಕ ಹೊಸಾವು ಎರಡು ಬಂದಂಗಾತ್ರಿ. ಒಂದು ಬರತೈತಿ ಅಂದಿದ್ರಿ ನೀವು." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಐನೂರ ಒಂಬತ್ತು ಒಡೀತೈತೇನ್ರಿ ಸರ್?"

ಒಡೆಯುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ನನಗೆ ಗೊತ್ತಿಲ್ಲ, ನೀನೇ ನೋಡಿ ಹೇಳು ಎಂದು ವಹಿ ಮತ್ತು ಪೆನ್ನು ಕೊಟ್ಟೆ. ಮೂಡಲಗಿ ಬರುವುದರೊಳಗೆ ಹತ್ತೊಂಬತ್ತರ ತನಕ ಭಾಗಿಸಿ, ಇಪ್ಪತ್ಮೂರಕ್ಕೆ ಬಂದಾಗ ಇನ್ನು ಮುಂದೆ ನೋಡುವ ಗರಜಿಲ್ಲ, ಇಪ್ಪತ್ಮೂರಿಪ್ಪತ್ಮೂರಲೆ ಐನೂರ ಒಂಬತ್ತನ್ನೂ ದಾಟಿ ಹೋಯಿತು ಎಂದು ತಾನೇ ನಿಲ್ಲಿಸಿದಳು. ಒಡೆಯುವುದಿಲ್ಲ ಎಂದಳು. ಬಸ್ಸಿನಲ್ಲಿ ಬರೆದದ್ದರಿಂದ ಅಕ್ಷರ ಸೊಟ್ಟಗಿದ್ದವು, ಲೆಕ್ಕ ಸೊಟ್ಟಗಿರಲಿಲ್ಲ. ಮೂರು ಗಂಟೆಗೆ ಶಾಲೆಯ ಕಚೇರಿಯಲ್ಲಿ ಫಾರ್ಮಿಗೆ ಸಹಿ ಮಾಡಿದಳು.

ಮರುದಿನ ಹತ್ತನೇ ತರಗತಿಯ ಬೋರ್ಡಿನ ಮೇಲೆ 30031 ಬರೆದೆ. ನಾನು ನಿಮಗೆ ಹೇಳಿದ್ದು ತಪ್ಪು ಎಂದು ಶುರು ಮಾಡಿದೆ. ಕಿಟಕಿಯಿಂದ ಆಕೆಯನ್ನು ಕರೆದೆ. ಕೈ ಒರೆಸಿಕೊಳ್ಳುತ್ತ ಬಂದವಳು, ಮಕ್ಕಳ ಮುಂದೆ, ಐವತ್ತೊಂಬತ್ತರ ಭಾಗಾಕಾರವನ್ನು ಹತ್ತನೆಯ ಸಲ ಮಾಡಿದಳು. ಸೊನ್ನೆ ಬಂದಾಗ ಅಳಿಸಲಿಲ್ಲ, ಕೆಳಗೆ ಎರಡು ಗೆರೆ ಎಳೆದಳು. ಲಾಭ ಎಂಬ ಮಾತು ಈ ಪಾಠಕ್ಕೆ ಬಂದದ್ದೂ ಈಕೆಯಿಂದಲೇ ಎಂದು ಆ ದಿನ ಹೇಳಿದೆ. ಹಿಂದಿನ ಬೆಂಚಿನಿಂದ ಯಾರೋ, ಹಾಗಾದರೆ ಸರ್ ಹೇಳಿದ ಬೇರೆಯವನ್ನೂ ನೋಡಬೇಕಲ್ಲ ಎಂದರು. ನೋಡ್ರಿ ಎಂದೆ. ಅಂದಿನಿಂದ ಅವರು ನೋಡುತ್ತಲೇ ಇದ್ದಾರೆ, ನನಗೆ ನೆಮ್ಮದಿಯಿಲ್ಲ.

ಪರೀಕ್ಷೆ ಆಯಿತು. ಬೇಸಿಗೆಯಲ್ಲಿ ಫಲಿತಾಂಶ ಬಂತು. ಅಂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಆಕೆ ಬೇಡವೆಂದಿದ್ದಾಳೆ, ಇನ್ನೂ ಹೆಚ್ಚು ಬರಬೇಕಿತ್ತು ಎಂಬ ಅಸಮಾಧಾನ ಆಕೆಗೆ. ಪಿಯುಸಿಗೆ ಈಗಾಗಲೇ ಪುಸ್ತಕ ಕೂಡಿಸಿದ್ದಾಳೆ.

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ದಿನ ಬಿಸಿಯೂಟದ ಹೊಸ ದಫ್ತರ ತೆಗೆದೆ. ಹೆಸರು ಬರೆದೆ, ವಯಸ್ಸು ಬರೆದೆ. ಮೂರನೆಯ ಕಲಮಿಗೆ ಬಂದು ರೂಢಿಯಂತೆ "ಹತ್ತನೇ" ಎಂದು ಬರೆದವನು ಅಲ್ಲಿಗೇ ನಿಂತೆ. ದಫ್ತರವನ್ನು ಆಕೆಯ ಕಡೆ ತಿರುಗಿಸಿ ಪೆನ್ನು ಕೊಟ್ಟೆ. ಮುಂದಿನದನ್ನು ನೀನೇ ಬರಿ ಎಂದೆ. ಅಕ್ಕಿ ಅಳೆದ ಕೈ, ಬಿಳಿ ಹಿಟ್ಟು ಇನ್ನೂ ಬೆರಳಿಗೆ ಹತ್ತಿತ್ತು. "ಪಾಸ್" ಎಂಬ ಎರಡು ಅಕ್ಷರ ಬರೆಯಲು ಆಕೆ ಬಹಳ ಹೊತ್ತು ತೆಗೆದುಕೊಂಡಳು. ಗಂಟೆ ಹೊಡೆಯಿತು, ನಾನು ಕ್ಲಾಸಿಗೆ ಹೋಗದೆ ಅಲ್ಲೇ ನಿಂತಿದ್ದೆ. ಬರೆದಾದ ಮೇಲೆ ಆಕೆ ತಲೆ ಎತ್ತಿ ನನ್ನ ಮುಖ ನೋಡಿದಳು.

"ಒಂಬತ್ತು ಸಲ ಬರೀಲೇನ್ರಿ ಸರ್?"

ಒಂದು ಸಲ ಸಾಕು ಎಂದೆ.